ಬೇರೆ ಕೈಯ ರೊಟ್ಟಿ

ಮೆಕ್ನೆಸ್ ಪಟ್ಟಣದ ಹಳೇ ಕೋಟೆಯೊಳಗಿನ ಆ ಓಣಿಯ ಹೆಂಗಸರು ಗಂಡನಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುತ್ತಿದ್ದರು, ಅತ್ತೆಗೆ ಹೇಳಿಯೂ ದಕ್ಕಿಸಿಕೊಳ್ಳುತ್ತಿದ್ದರು. ಒಲೆಮನೆಯ ಮಿಲೂದನಿಗೆ ಹೇಳಿ ದಕ್ಕಿಸಿಕೊಂಡವರು ಮಾತ್ರ ಯಾರೂ ಇಲ್ಲ. ಬೆಳಗಾದರೆ ಮನೆಮನೆಯಿಂದ ಹಲಗೆಯ ಮೇಲೆ ಹಸಿ ರೊಟ್ಟಿ ಜೋಡಿಸಿ, ಮೇಲೊಂದು ಬಟ್ಟೆ ಹೊದಿಸಿ ಅವನ ಒಲೆಗೆ ಒಯ್ಯುವುದು ವಾಡಿಕೆ. ಹಲಗೆಗೆ ಹೆಸರಿಲ್ಲ, ಗುರುತಿಲ್ಲ. ಬಟ್ಟೆ ಸರಿಸಿದರೆ ಸಾಕು, ಇದು ಯಾರ ಕೈಯ ರೊಟ್ಟಿ ಎಂದು ಅವನಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅವನದಲ್ಲ. ಉದ್ದನೆಯ ಮರದ ಸಲಿಕೆಯಲ್ಲಿ ರೊಟ್ಟಿಯನ್ನು ಬೆಂಕಿಯೊಳಗೆ ತಳ್ಳುತ್ತಾ, ಇವಳ ಹಿಟ್ಟು ಇವತ್ತು ಗಟ್ಟಿ, ರಾತ್ರಿ ಗಂಡನ ಜೊತೆ ಜಗಳವಿರಬೇಕು, ಅವಳ ರೊಟ್ಟಿ ತೆಳ್ಳಗಾಯಿತು, ಮನೆಗೆ ನೆಂಟರು ಬಂದಿರಬೇಕು ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳುವನು. ಹೆಂಗಸರು ನಗುವರು. ತಮ್ಮ ಹಲಗೆಯ ಸರದಿ ಬಂದಾಗ ಮಾತ್ರ ನಗು ನಿಲ್ಲಿಸುವರು.

ಬಹೀಜಾಗೆ ಇದು ಗೊತ್ತಿತ್ತು. ಗೊತ್ತಿದ್ದರಿಂದಲೇ ಆ ಒಲೆಯನ್ನು ತನ್ನ ಭಯಕ್ಕೆ ಮರೆ ಮಾಡಿಕೊಂಡಿದ್ದಳು.

ಅವಳು ಅಜ಼್ರೂ ಬೆಟ್ಟದ ಕಡೆಯ ಹೆಣ್ಣು. ಅಬ್ದೆಲಿಲಾನನ್ನು ಮದುವೆಯಾಗಿ ಈ ಓಣಿಗೆ ಬಂದಳು. ಮಗಳು ನಿಸ್ರಿನ್ ಹುಟ್ಟಿದ ಮೇಲೆ ಅವನು ದೂರದ ತಾಂಜೇರ್ ಪಟ್ಟಣದಲ್ಲಿ ಕೆಲಸ ಸಿಕ್ಕಿತೆಂದು ಹೋದ. ಅಲ್ಲಿಂದ ತಲಾಕಿನ ಕಾಗದ ಕಳಿಸಿದ, ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಖರ್ಚಿಗೆ ಕಳಿಸಬೇಕಾದದ್ದನ್ನು ಮನಸ್ಸು ಬಂದಾಗ ಕಳಿಸುವನು, ಬರದಿದ್ದಾಗ ಇಲ್ಲ. ಗಂಡಸು ಊರು ಬಿಟ್ಟು ಹೋದರೆ ಯಾರೂ ಕೇಳುವುದಿಲ್ಲ. ಹೆಂಗಸು ಓಣಿ ಬಿಟ್ಟು ಬಸ್ಸು ಹತ್ತಿದರೆ ಎಲ್ಲಿಗೆ, ಯಾಕೆ, ಯಾರ ಜೊತೆ ಎಂದು ಗೋಡೆಗಳೂ ಕೇಳುತ್ತವೆ. ನ್ಯಾಯ ಎಂದರೆ ಇದು.

ಒಂದು ಹಳೇ ಮನೆಯ ನಡುವಂಗಳದ ಸುತ್ತ ಆರೇಳು ಬಿಡಾರ. ಅದರಲ್ಲಿ ಮಹಡಿಯ ಒಂದು ಕೋಣೆ ಬಹೀಜಾಳದು. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಅವಳು ಆಲಿವ್ ಕಾಯಿ ಆರಿಸುವ ಗೋದಾಮಿನಲ್ಲಿ ದುಡಿಯುತ್ತಿದ್ದಳು. ಒಂದು ದಿನ ತಪ್ಪಿಸಿದರೆ ಮರುದಿನ ಅವಳ ಮಣೆಯ ಮೇಲೆ ಬೇರೆಯವಳು ಕೂತಿರುತ್ತಿದ್ದಳು. ಬೆರಳ ಸಂದಿಯ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಬೆಳಗಿನ ಹೊತ್ತು ಆ ಕಪ್ಪು ಬೆರಳುಗಳನ್ನು ಜಲ್ಲಾಬ ನಿಲುವಂಗಿಯ ತೋಳಿನೊಳಗೆ ಮುಚ್ಚಿಕೊಂಡು ವಿಶ್ವವಿದ್ಯಾಲಯದಲ್ಲಿ ಭೂಗೋಳದ ಪಾಠ ಕೇಳುತ್ತಿದ್ದಳು. ಪದವಿ ಮುಗಿಸಿ, ಮಾಸ್ತರಿಕೆಯ ಪರೀಕ್ಷೆ ಬರೆದು, ಯಾವುದಾದರೂ ಬೆಟ್ಟದ ಶಾಲೆಯಲ್ಲಿ ಪಾಠ ಹೇಳಬೇಕು, ಮಗಳು ತನ್ನ ಕಣ್ಣೆದುರೇ ಓದಬೇಕು ಎಂಬುದು ಅವಳ ಆಸೆ. ಮೊದಲ ದಿನ ಒಬ್ಬ ಹುಡುಗ ಅವಳನ್ನು ಕಸ ಗುಡಿಸುವವಳೆಂದು ತಿಳಿದು, ಕೋಣೆಯ ಬೀಗ ತೆಗೆಯಿರಿ ಎಂದಿದ್ದ. ಅವಳು ಹೂಂ ಎಂದು ಅವನ ಹಿಂದೆಯೇ ಹೋಗಿ, ಬೀಗ ತೆಗೆಯುವವರು ಬಂದ ಮೇಲೆ, ಅವನ ಪಕ್ಕದ ಬೆಂಚಿನಲ್ಲೇ ಕೂತಳು. ಅಂಥದ್ದಕ್ಕೆಲ್ಲ ಹೆದರುವವಳಲ್ಲ.

ಅವಳು ಹೆದರುತ್ತಿದ್ದದ್ದು ಹಾಜ್ಜಾ ರುಖಿಯಾಗೆ.

ಹಾಜ್ಜಾ ಎಂದರೆ ಅಬ್ದೆಲಿಲಾನ ತಾಯಿ. ಎರಡು ತಿರುವು ಆಚೆ ಒಬ್ಬಳೇ ಇದ್ದಳು. ತಲಾಕಾದ ದಿನವೇ ಬಾಗಿಲಿಗೆ ಬಂದು ನಿಂತು, ನೀನು ಎಲ್ಲಿಗಾದರೂ ಹೋಗು, ನನ್ನ ಮಗನ ರಕ್ತ ನನಗೆ ಬೇಕು ಎಂದಿದ್ದಳು. ಮಗು ತಾಯಿಯ ಹತ್ತಿರ ಇರಲಿ ಎಂದು ನ್ಯಾಯಾಧೀಶರು ಬರೆದರು. ಅಂದಿನಿಂದ ಹಾಜ್ಜಾ ಕಾಯುತ್ತಿದ್ದಳು. 'ಒಂದೇ ಒಂದು ದಿನ ಮಗು ಒಬ್ಬಳೇ ಇದ್ದದ್ದು ನನ್ನ ಕಣ್ಣಿಗೆ ಬೀಳಲಿ, ಆಮೇಲೆ ನೋಡು' ಎಂದು ಓಣಿಯ ಸ್ನಾನದ ಮನೆ ಹಮ್ಮಾಮಿನಲ್ಲಿ ಮೈ ಉಜ್ಜಿಕೊಳ್ಳುತ್ತಾ ಎಲ್ಲರೆದುರು ಹೇಳಿದ್ದಳು. ಆ ಮಾತು ಬಹೀಜಾಳ ಕಿವಿಗೆ ಬಂದ ದಿನದಿಂದ ಅವಳು ಸರಿಯಾಗಿ ಉಸಿರು ಬಿಟ್ಟದ್ದಿಲ್ಲ.

ಮಗಳ ಶಾಲೆಯೋ, ಒಂದು ವಾರ ಬೆಳಗ್ಗೆ, ಇನ್ನೊಂದು ವಾರ ಮಧ್ಯಾಹ್ನ. ಬೆಳಗಿನ ವಾರ ಹೇಗೋ ಸಾಗುತ್ತಿತ್ತು. ಮಧ್ಯಾಹ್ನದ ವಾರ ಬಂತೆಂದರೆ ಬಹೀಜಾ ಪಾಠಕ್ಕೆ ಹೋದ ಹೊತ್ತು ಮಗು ಮನೆಯಲ್ಲಿ. ಕೆಳಗಿನ ಬಿಡಾರದ ಯಮ್ನಾ ನೋಡಿಕೊಳ್ಳುತ್ತಿದ್ದಳು. ಓಣಿಗೆಲ್ಲ ಅವಳು ಖಾಲ್ತಿ, ಚಿಕ್ಕಮ್ಮ. ಮಂಡಿ ನೋವಿನ ಮುದುಕಿ, ಕಿವಿಯೂ ಅಷ್ಟಕ್ಕಷ್ಟೆ. ಮನಸ್ಸು ಮಾತ್ರ ಬೆಣ್ಣೆ.

ಬಹೀಜಾ ಓದುವ ವಿಷಯ ತಿಳಿದಿದ್ದವಳು ಈ ಖಾಲ್ತಿ ಒಬ್ಬಳೇ. ಉಳಿದವರ ಕಣ್ಣಿಗೆ ಮಣ್ಣೆರಚಲು ರೊಟ್ಟಿ ಇತ್ತು. ಬಹೀಜಾ ನಸುಕಿನಲ್ಲೇ ಎದ್ದು ಹಿಟ್ಟು ನಾದಿ, ಉಬ್ಬಿದ ಮೇಲೆ ತಟ್ಟಿ, ಹಲಗೆಯಲ್ಲಿ ಜೋಡಿಸಿಟ್ಟು ಬಸ್ಸಿಗೆ ಓಡುವಳು. ಹೊತ್ತು ಏರಿದ ಮೇಲೆ ಖಾಲ್ತಿ ತನ್ನ ಹಲಗೆಯ ಜೊತೆ ಅವಳದನ್ನೂ ಒಲೆಗೆ ಒಯ್ಯುವಳು. ಮಿಲೂದ ಬಟ್ಟೆ ಸರಿಸಿ, 'ಬೆಟ್ಟದವಳ ರೊಟ್ಟಿ, ಅಂಗೈ ಅಗಲ' ಎನ್ನುವನು. ತೆಳ್ಳಗೆ, ದೊಡ್ಡದಾಗಿ, ನಡುವೆ ಅಂಗೈ ಒತ್ತಿದ ತಗ್ಗು. ಒಲೆಮನೆಯ ಮುಂದಿನ ಕಲ್ಲುಕಟ್ಟೆಯ ಮೇಲೆ ದಿನವೂ ಕೂರುವ ಹಾಜ್ಜಾ ಅದನ್ನು ಕೇಳಿಸಿಕೊಳ್ಳುವಳು. ರೊಟ್ಟಿ ಬಂತೆಂದರೆ ರೊಟ್ಟಿ ತಟ್ಟಿದವಳು ಮನೆಯಲ್ಲಿದ್ದಾಳೆ ಎಂದೇ ಅರ್ಥ. ಹೀಗೆ ಮೂರು ವರ್ಷ ದಾಟಿತು. ನಾಲ್ಕನೆಯದು ಕೊನೆಯ ವರ್ಷ.

ಜನವರಿ ಪರೀಕ್ಷೆಯ ಬೆಳಿಗ್ಗೆ ಹಿಟ್ಟು ಉಬ್ಬಲಿಲ್ಲ.

ಆ ಚಳಿ ಎಂಥದೆಂದರೆ ಅಂಗಳದ ಬಕೆಟ್ಟಿನ ನೀರಿಗೆ ಮಂಜುಗಡ್ಡೆಯ ಕೆನೆ ಕಟ್ಟಿತ್ತು. ಬಹೀಜಾ ಹಿಟ್ಟಿಗೆ ಕಂಬಳಿ ಹೊದಿಸಿದಳು, ಬಿಸಿನೀರಿನ ಪಾತ್ರೆಯ ಮೇಲಿಟ್ಟಳು. ಬೆರಳಿಂದ ಒತ್ತಿದರೆ ಒತ್ತಿದಲ್ಲೇ ಕಲ್ಲು. ಹೊರಗೆ ಬೆಳಕಾಯಿತು. ಬಸ್ಸಿನ ಹೊತ್ತಾಯಿತು. ಕೊನೆಗೆ ಹಿಟ್ಟಿನ ಪರಾತವನ್ನು ಎತ್ತಿಕೊಂಡು ಖಾಲ್ತಿಯ ಕೋಣೆಗೆ ಇಳಿದು, ಉಬ್ಬಿದ ಮೇಲೆ ನೀವೇ ತಟ್ಟಿ ಒಯ್ದುಬಿಡಿ ಎಂದು ಕಿವಿಯ ಹತ್ತಿರ ಕೂಗಿ ಹೇಳಿದಳು. ನಿದ್ದೆಗಣ್ಣಿನ ಮಗಳನ್ನು ಖಾಲ್ತಿಯ ಹಾಸಿಗೆಯಲ್ಲೇ ಮಲಗಿಸಿ, ಹಣೆಗೆ ಮುತ್ತಿಟ್ಟು ಓಡಿದಳು.

ಬಸ್ಸು ಕೋಟೆಯ ಬಾಗಿಲು ದಾಟಿ ಹೊಸ ಪಟ್ಟಣದ ಏರು ಹತ್ತುವಾಗ ಅವಳಿಗೆ ಹೊಳೆಯಿತು. ಹಿಟ್ಟು ತನ್ನದು. ತಟ್ಟುವ ಕೈ ಖಾಲ್ತಿಯದು. ಖಾಲ್ತಿ ಫೆಸ್ ಪಟ್ಟಣದ ಮನೆತನದವಳು. ಅವಳ ರೊಟ್ಟಿ ಗಿಡ್ಡ, ದಪ್ಪ, ಅಂಚು ದುಂಡಗೆ ಮಡಚಿದ್ದು. ಒಂದೇ ಕೈಯ ರೊಟ್ಟಿ ಎರಡು ಹಲಗೆಯ ಮೇಲೆ. ಮಿಲೂದ ನೋಡುತ್ತಾನೆ. ನೋಡಿದರೆ ಬಾಯಿ ಬಿಡುತ್ತಾನೆ. ಕಟ್ಟೆಯ ಮೇಲೆ ಹಾಜ್ಜಾ ಕೂತಿರುತ್ತಾಳೆ.

ಇಳಿದುಬಿಡಲೇ ಎಂದು ಎದ್ದು ನಿಂತಳು. ಇಳಿದರೆ ಹಿಂದಿರುಗುವ ಬಸ್ಸು ಯಾವಾಗಲೋ. ಖಾಲ್ತಿಗೆ ಫೋನು ಮಾಡಿದರೆ ಆ ಮುದುಕಿಗೆ ಅದರ ಸದ್ದೇ ಕೇಳುವುದಿಲ್ಲ. ಹೊಟ್ಟೆಪಾಡಿನ ಗಲಾಟೆಯಲ್ಲಿ ಈ ಪರೀಕ್ಷೆಯನ್ನು ಒಮ್ಮೆ ಬಿಟ್ಟು ಒಂದು ವರ್ಷ ಕಳೆದುಕೊಂಡವಳು ಅವಳು. ಹಿಟ್ಟು ಇಷ್ಟು ಬೇಗ ಎಲ್ಲಿ ಉಬ್ಬುತ್ತದೆ, ಖಾಲ್ತಿ ಒಲೆಗೆ ಹೋಗುವಷ್ಟರಲ್ಲಿ ಹಾಜ್ಜಾ ಎದ್ದು ಹೋಗಿರುತ್ತಾಳೆ ಎಂದು ತನಗೇ ಸಮಾಧಾನ ಹೇಳಿಕೊಂಡು ಕೂತಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಹಗ್ಗವಾಗಿ ಕಾಣುತ್ತದೆ.

ಪ್ರಶ್ನೆಪತ್ರಿಕೆ ಕೈಗೆ ಬಂತು. ಅಟ್ಲಾಸ್ ಬೆಟ್ಟದ ಮಳೆಗೂ ಜನ ನೆಲೆಯೂರುವುದಕ್ಕೂ ಇರುವ ಸಂಬಂಧ ಬರೆಯಬೇಕು. ತಾನು ಹುಟ್ಟಿದ ಬೆಟ್ಟ, ತಾನು ನೆನೆದ ಮಳೆ. ಆದರೆ ಕಣ್ಣೆದುರು ಬರುತ್ತಿದ್ದದ್ದು ಮಿಲೂದನ ಸಲಿಕೆ. ಈಗ ಬಟ್ಟೆ ಸರಿಸಿರಬೇಕು. ಈಗ ಹೇಳಿರಬೇಕು. ಈಗ ಹಾಜ್ಜಾ ಊರುಗೋಲು ಹಿಡಿದು ಎದ್ದಿರಬೇಕು. ಸ್ವಲ್ಪ ಹೊತ್ತಾದ ಮೇಲೆ, ಹೋಗುವವರು ಹೋಗಬಹುದು ಎಂದು ಮೇಲ್ವಿಚಾರಕಿ ಹೇಳಿದಳು. ಬಹೀಜಾಳ ಕಾಲು ಬೆಂಚಿನಡಿಯಿಂದ ಹೊರಗೆ ಬಂತು. ಹೋದರೆ ಪರೀಕ್ಷೆ ಹೋಯಿತು, ಕೂತರೆ ಮಗಳು ಹೋದಳೇನೋ. ಕಾಲನ್ನು ಮತ್ತೆ ಒಳಗೆಳೆದುಕೊಂಡಳು. ಎಳೆದುಕೊಂಡದ್ದಕ್ಕೆ ತನ್ನನ್ನೇ ಶಪಿಸಿಕೊಂಡಳು. ಶಪಿಸಿಕೊಳ್ಳುತ್ತಲೇ ಬರೆದಳು. ಕೊನೆಯ ಪ್ರಶ್ನೆ ಮುಗಿಸಿ ಎದ್ದಾಗ ಏನು ಬರೆದೆ ಎಂಬುದೇ ಅವಳಿಗೆ ನೆನಪಿರಲಿಲ್ಲ.

ಏನೋ ನಡೆದಿದೆಯೆಂದು ಓಣಿಯ ಬಾಯಲ್ಲೇ ಗೊತ್ತಾಯಿತು. ಪುದೀನಾ ಮಾರುವವಳು ಮುಖ ತಿರುಗಿಸಿಕೊಂಡಳು. ಒಲೆಮನೆಯ ಮುಂದೆ ಮಿಲೂದ ಸಲಿಕೆ ಊರಿಕೊಂಡು ನಿಂತಿದ್ದ. ಅವಳನ್ನು ಕಂಡವನೇ ಏನೋ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿದ. ಮಿಲೂದ ಬಾಯಿ ಮುಚ್ಚಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅದನ್ನು ಕಂಡೇ ಅವಳು ಮನೆಯ ಕಡೆ ಓಡಿದಳು.

ಅಂಗಳದಲ್ಲಿ ಖಾಲ್ತಿ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ಮಂಡಿ ತಟ್ಟಿಕೊಳ್ಳುತ್ತಿದ್ದಳು. ಹಾಸಿಗೆಯಲ್ಲಿ ಮಗು ಇರಲಿಲ್ಲ. ಚಪ್ಪಲಿ ಇರಲಿಲ್ಲ. ಗ್ಯಾಸಿನ ಒಲೆಯ ಕೆಳಗೆ ನೆಲದ ಮೇಲೆ ಹಾಲು ಚೆಲ್ಲಿ ಒಣಗಿತ್ತು, ಪಕ್ಕದಲ್ಲಿ ಒಂದು ಮಣೆ ಮಗುಚಿ ಬಿದ್ದಿತ್ತು.

ಖಾಲ್ತಿ ಅಳುತ್ತಾ ಹೇಳಿದ್ದಿಷ್ಟು. ಮಗು ಮಲಗಿದೆಯೆಂದು ಅವಳು ಎರಡು ಹಲಗೆ ಹಿಡಿದು ಒಲೆಗೆ ಹೋದಳು. ಮಿಲೂದ ಎರಡರ ಬಟ್ಟೆಯನ್ನೂ ಸರಿಸಿ, ಬೆಟ್ಟದವಳಿಗೆ ಏನಾಯಿತು, ಎರಡೂ ಹಲಗೆಯಲ್ಲಿ ನಿನ್ನದೇ ರೊಟ್ಟಿ, ಅವಳು ಊರು ಬಿಟ್ಟಳೋ ಎಂದು ನಕ್ಕ. ಕಟ್ಟೆಯ ಮೇಲಿದ್ದ ಹಾಜ್ಜಾ ನಗಲಿಲ್ಲ. ಎದ್ದಳು. ಈ ಮಂಡಿ ಹೊತ್ತುಕೊಂಡು ಖಾಲ್ತಿ ಮನೆ ಮುಟ್ಟುವಷ್ಟರಲ್ಲಿ ಹಾಜ್ಜಾ ಮಗುವಿನ ಕೈ ಹಿಡಿದು ಹೊಸಿಲು ದಾಟುತ್ತಿದ್ದಳು. 'ನಾನು ಅಡ್ಡ ನಿಂತೆ ಮಗಳೇ. ಗೋಡೆಗೆ ಒರಗಿಸಿಬಿಟ್ಟಳು ನನ್ನ.'

ಬಹೀಜಾ ಮಗುಚಿದ ಮಣೆಯನ್ನು ನೋಡಿದಳು, ಗ್ಯಾಸಿನ ತಿರುಪನ್ನು ನೋಡಿದಳು, ತಿರುಗಿ ಓಡಿದಳು.

ಹಾಜ್ಜಾಳ ಬಾಗಿಲು ದಪ್ಪ ಮರದ್ದು, ಕಬ್ಬಿಣದ ಮೊಳೆ ಹೊಡೆದದ್ದು. ಬಹೀಜಾ ತಟ್ಟಿದಳು, ಗುದ್ದಿದಳು. ಬಹಳ ಹೊತ್ತಿನ ಮೇಲೆ ಬಾಗಿಲು ಒಂದು ಗೇಣು ತೆರೆಯಿತು. ಸಂದಿಯಲ್ಲಿ ಹಾಜ್ಜಾ.

"ಮಗು ಎಲ್ಲಿ, ಹಾಜ್ಜಾ?"

"ಉಣ್ತಾ ಇದೆ. ನೀನು ಎಲ್ಲಿದ್ದೆ?"

ಬಹೀಜಾ ಸುಳ್ಳು ಹುಡುಕಿದಳು. ಗೋದಾಮು ಎನ್ನಲೇ, ಆಸ್ಪತ್ರೆ ಎನ್ನಲೇ. ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ತಾನಾಗಿಯೇ ಬಾಯಿಗೆ ಬಂತು.

"ಓದ್ತಾ ಇದೀನಿ. ಇವತ್ತು ಪರೀಕ್ಷೆ ಇತ್ತು."

ಹಾಜ್ಜಾ ಅವಳ ಕೈಗಳನ್ನು ನೋಡಿದಳು. ಆಲಿವ್ ಕಪ್ಪಿನ ಮೇಲೆ ಪೆನ್ನಿನ ಶಾಯಿ.

"ಓದು. ಈ ವಯಸ್ಸಿಗೆ. ಹಾಲು ಕಾಯಿಸೋಕೆ ಮಣೆ ಮೇಲೆ ಹತ್ತಿ ಗ್ಯಾಸ್ ತಿರುಗಿಸಿತ್ತು ನಿನ್ನ ಮಗಳು. ಬೆಂಕಿ ಹತ್ತಿರಲಿಲ್ಲ, ಕಡ್ಡಿ ಕೈಲಿತ್ತು. ಕೋಣೆ ತುಂಬ ವಾಸನೆ. ನಾನು ಹೋಗೋದು ಒಂದು ಗಳಿಗೆ ತಡ ಆಗಿದ್ರೆ ನೀನು ಯಾವ ಪರೀಕ್ಷೆ ಬರೀತಿದ್ದೆ ಹೇಳು."

ಬಹೀಜಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇಷ್ಟು ವರ್ಷ ಅವಳು ಈ ಮುದುಕಿಗೆ ಹೆದರಿದ್ದಳು, ನ್ಯಾಯಾಲಯಕ್ಕೆ ಹೆದರಿದ್ದಳು, ಊರ ಬಾಯಿಗೆ ಹೆದರಿದ್ದಳು. ಕಡ್ಡಿ ಹಿಡಿದ ಆ ಪುಟ್ಟ ಕೈಗೆ ಹೆದರಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ. ಹೊಸಿಲ ಮೇಲೆ ಕೂತಳು.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಮಿಲೂದ ಬಂದ. ಮೈಯೆಲ್ಲ ಹಿಟ್ಟು, ತಲೆಗೆ ಸುತ್ತಿದ ಬಟ್ಟೆಯಲ್ಲಿ ಬೂದಿ. ಉರಿಯುವ ಒಲೆ ಬಿಟ್ಟು ಅವನು ಎಲ್ಲಿಗೂ ಹೋಗುವವನಲ್ಲ. ಏದುಸಿರು ಬಿಡುತ್ತಾ, ತಪ್ಪು ತನ್ನ ನಾಲಿಗೆಯದು, ತಾನು ತಮಾಷೆಗೆ ಅಂದದ್ದು, ಆ ಮಾತು ಹಿಡಿದು ಮಗುವನ್ನು ತಾಯಿಯಿಂದ ಕೀಳುವುದು ಬೇಡ ಎಂದ. ಹಾಜ್ಜಾ ಅವನ ಕಡೆ ನೋಡಲೂ ಇಲ್ಲ, ನಿನ್ನ ಒಲೆ ನೋಡಿಕೋ ಹೋಗು ಎಂದಳು. ಅಲ್ಲಿಗೆ ಮಿಲೂದನ ತಾಳ್ಮೆ ಹೋಯಿತು.

"ಯಾವ ಒಲೆ, ಹಾಜ್ಜಾ? ನೀನು ಗೋದಾಮಿಗೆ ಹೋಗ್ತಿದ್ದಾಗ ನಿನ್ನ ಅಬ್ದೆಲಿಲಾ ಎಲ್ಲಿ ಮಲಗ್ತಿದ್ದ? ನಮ್ಮಪ್ಪನ ಹಿಟ್ಟಿನ ಮೂಟೆ ಮೇಲೆ. ಅವನ ಮೂಗು ಒರೆಸಿದ್ದು ನಾನು. ಆಗ ನಿನ್ನ ಮಗೂನ ಯಾರು ಕಿತ್ಕೊಂಡ್ರು?"

ಕಿಟಕಿಗಳಲ್ಲಿ ಅಡಗಿದ್ದ ಹೆಂಗಸರು ತಲೆ ಹೊರಗೆ ಚಾಚಿದರು. ಹಾಜ್ಜಾ ರುಖಿಯಾಳೂ ಆಲಿವ್ ಆರಿಸಿದವಳು ಎಂಬುದು ಬಹೀಜಾಗೆ ಗೊತ್ತೇ ಇರಲಿಲ್ಲ. ಗಂಡ ಸತ್ತ ಮೇಲಿನ ಕಥೆಯನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಹಾಜ್ಜಾ ಸಿಟ್ಟಾಗುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಅವಳು ಸಿಟ್ಟಾಗಲಿಲ್ಲ.

"ಹೌದು, ಬಿಟ್ಟೆ," ಎಂದಳು. "ಬಿಟ್ಟಿದ್ದಕ್ಕೇ ಅವನು ಹಿಂಗಾದ. ಕಟ್ಕೊಂಡವಳನ್ನ ಬಿಟ್ಟ, ಹೆತ್ತ ಮಗೂನ ಬಿಟ್ಟ, ನನ್ನನ್ನೂ ಬಿಟ್ಟ. ಅವನ ಮಗಳನ್ನ ನಾನು ಮೂಟೆ ಮೇಲೆ ಬಿಡಲ್ಲ."

ಮಿಲೂದನ ಬಾಯಿ ಆ ದಿನ ಎರಡನೆಯ ಸಲ ಕಟ್ಟಿತು. ಒಲೆಯಲ್ಲಿ ರೊಟ್ಟಿ ಸೀಯುತ್ತಿರುವ ನೆನಪಾಗಿ ತನಗೆ ತಾನೇ ಬೈದುಕೊಳ್ಳುತ್ತಾ ಹಿಂದಿರುಗಿದ.

ಬಹೀಜಾ ಹೊಸಿಲ ಮೇಲೆ ಕೂತೇ ಇದ್ದಳು. ಮರುದಿನ ಇನ್ನೊಂದು ಪರೀಕ್ಷೆ ಇತ್ತು. ಈ ಅರ್ಧವರ್ಷದ ಕೊನೆಯದು. ಖಾಲ್ತಿಯ ಹತ್ತಿರ ಇನ್ನು ಮಗುವನ್ನು ಬಿಡಲು ಅವಳಿಗೆ ಧೈರ್ಯವಿಲ್ಲ. ಬಿಡದಿದ್ದರೆ ಪರೀಕ್ಷೆಯಿಲ್ಲ. ನ್ಯಾಯಾಲಯಕ್ಕೆ ಹೋಗೋಣವೆಂದರೆ ಹಾಜ್ಜಾ ಹೇಳುವುದೆಲ್ಲ ನಿಜ. ಗ್ಯಾಸಿನ ವಾಸನೆಗೆ ಎದುರು ವಾದವಿಲ್ಲ. ಯಾವ ಕಡೆ ತಿರುಗಿದರೂ ಗೋಡೆ. ಆ ಗೋಡೆಗಳ ನಡುವೆ ಕೂತು ಅವಳು ಒಂದು ಮಾತು ಆಡಿದಳು. ಆಡುವಾಗ ಅದು ತನ್ನ ಬಾಯಿಂದಲೇ ಬರುತ್ತಿದೆಯೆಂದು ಅವಳಿಗೆ ನಂಬಿಕೆಯಾಗಲಿಲ್ಲ.

"ಹಂಗಾದ್ರೆ ನೀವೇ ನೋಡ್ಕೊಳ್ಳಿ, ಹಾಜ್ಜಾ. ಬೆಳಗ್ಗೆ ತಂದು ಬಿಡ್ತೀನಿ. ಮಧ್ಯಾಹ್ನ ಶಾಲೆ ಹೊತ್ತಿಗೆ ಬಂದು ಕರ್ಕೊಂಡು ಹೋಗ್ತೀನಿ. ದಿನಾ."

"ನಾನು ವಾಪಸ್ ಕೊಡ್ದೇ ಇದ್ರೆ?"

ಬಹೀಜಾ ಹೊಸಿಲಿನಿಂದ ಎದ್ದು ನಿಂತಳು.

ಹಾಜ್ಜಾ ಒಳಗೆ ಹೋಗಿ ನಿಸ್ರಿನ್‌ಳನ್ನು ಕರೆತಂದು, ಇವತ್ತಿಗೆ ಕರೆದುಕೊಂಡು ಹೋಗು ಎಂದಳು. ಬಾಗಿಲು ಮುಚ್ಚುವ ಮುಂಚೆ ತಗ್ಗಿದ ದನಿಯಲ್ಲಿ, "ಅಬ್ದೆಲಿಲಾಗೆ ಇನ್ನೂ ಹೇಳಿಲ್ಲ," ಎಂದಳು. ಅದು ಭರವಸೆಯೋ ಬೆದರಿಕೆಯೋ ಬಹೀಜಾಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಅಮ್ಮಾ ನೋಯುತ್ತೆ ಎಂದು ಅದು ಅತ್ತಿತು.

ಆ ಮಧ್ಯಾಹ್ನ ಖಾಲ್ತಿ ಅವಳನ್ನು ಬೈದಳು. ತೋಳದ ಕೈಗೆ ಕುರಿ ಕೊಡುವವಳು ನೀನೊಬ್ಬಳೇ, ನಾಳೆ ಹೋದರೆ ಮಗುವನ್ನು ತಾಂಜೇರಿನ ಬಸ್ಸಿನಲ್ಲಿ ಹುಡುಕಬೇಕಾದೀತು ಎಂದಳು. ಬೈಗುಳದಲ್ಲಿ ಅವಳ ನೋವೂ ಇತ್ತು. ತನ್ನ ಮಂಡಿಯ ಮೇಲಿನ ಸಿಟ್ಟೂ ಇತ್ತು. ಬಹೀಜಾ ಎಲ್ಲವನ್ನೂ ಕೇಳಿಸಿಕೊಂಡು, ಮಗಳನ್ನು ಶಾಲೆಗೆ ಬಿಟ್ಟು ಗೋದಾಮಿಗೆ ಹೋದಳು. ಕಾಯಿ ಆರಿಸುವಾಗ ಒಳ್ಳೆಯದು ಕೆಟ್ಟದ್ದು ಬೆರೆತುಹೋಯಿತು. ಮೇಸ್ತ್ರಿ ಕೂಗಾಡಿದ.

ಮರುದಿನ ಬೆಳಿಗ್ಗೆ ಅವಳು ಮಗಳಿಗೆ ಎರಡು ಸ್ವೆಟರು ತೊಡಿಸಿದಳು. ಯಾಕಮ್ಮಾ ಎರಡು ಎಂದು ಮಗು ಕೇಳಿತು. ಚಳಿ ಎಂದಳು. ಚಳಿಯೇನೋ ಹೌದು. ಆದರೆ ಮಗುವನ್ನು ದೂರ ಕರೆದೊಯ್ದರೆ ಎಂಬ ಲೆಕ್ಕವೂ ಅವಳ ತಲೆಯಲ್ಲಿತ್ತು. ಆ ಲೆಕ್ಕ ಹಾಕಿದ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು. ಹಾಜ್ಜಾಳ ಬಾಗಿಲು ಮೊದಲ ಸಲ ತಟ್ಟಿದಾಗಲೇ ತೆರೆಯಿತು. ಮಗು ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಒಳಗಿನಿಂದ ಕಬ್ಬಿಣದ ಅಗುಳಿ ಎಳೆದ ಸದ್ದು ಬಂತು. ಬಹೀಜಾ ಆ ಸದ್ದನ್ನು ಕಿವಿಯಲ್ಲಿಟ್ಟುಕೊಂಡೇ ಬಸ್ಸು ಹತ್ತಿದಳು, ಅದನ್ನು ಕಿವಿಯಲ್ಲಿಟ್ಟುಕೊಂಡೇ ಪರೀಕ್ಷೆ ಬರೆದಳು. ಬೆಂಚಿನಡಿಯಿಂದ ಈ ಸಲ ಕಾಲು ಹೊರಗೆ ಬರಲಿಲ್ಲ. ಬಂದರೆ ಮತ್ತೆ ಒಳಗೆಳೆದುಕೊಳ್ಳುವ ಶಕ್ತಿ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಹಿಂದಿರುಗಿ ಬಂದು ತಟ್ಟಿದಳು.

ಉತ್ತರವಿಲ್ಲ. ಮತ್ತೆ ತಟ್ಟಿದಳು. ಒಳಗೆ ಹೆಜ್ಜೆಯಿಲ್ಲ, ದನಿಯಿಲ್ಲ. ಮೇಲಿನ ಕಿಟಕಿ ಮುಚ್ಚಿತ್ತು. ಓಣಿಯಲ್ಲಿ ಕತ್ತೆಯೊಂದು ಹೊರೆ ಹೊತ್ತು ಹೋಯಿತು, ಅದಕ್ಕೆ ದಾರಿ ಬಿಡಲು ಬಾಗಿಲಿಗೆ ಒತ್ತಿಕೊಂಡು ನಿಂತಳು. ತಾಂಜೇರಿನ ಬಸ್ಸು ಬೆಳಿಗ್ಗೆಯೇ ಹೊರಡುತ್ತದೆ. ಬೆಳಿಗ್ಗೆಯೇ. ಮುಷ್ಟಿಯಿಂದ ಗುದ್ದಬೇಕೆಂದು ಕೈಯೆತ್ತಿದಾಗ ಅಗುಳಿ ಸರಿಯಿತು.

ಹಾಜ್ಜಾ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಕೈ ಒದ್ದೆ. ಮಾಳಿಗೆಯ ಮೇಲೆ ಬಟ್ಟೆ ಒಣಗಿಹಾಕುತ್ತಿದ್ದೆವು, ಕೇಳಿಸಲಿಲ್ಲ ಎಂದಳು. ಅವಳ ಹಿಂದೆ ನಿಸ್ರಿನ್, ಗಲ್ಲಕ್ಕೆಲ್ಲ ಜೇನು, ಕೈಯಲ್ಲಿ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳ ಸರ. ಜಡೆ ಹೊಸದಾಗಿ ಹೆಣೆದಿತ್ತು, ಬಿಗಿಯಾಗಿ, ನುಣ್ಣಗೆ. ಬಹೀಜಾಗೆ ಬೆಳಿಗ್ಗೆ ಹಾಗೆ ಹೆಣೆಯಲು ಎಂದೂ ಹೊತ್ತು ಸಿಕ್ಕುತ್ತಿರಲಿಲ್ಲ.

ಅವಳು ಮಂಡಿಯೂರಿ ತೋಳು ಚಾಚಿದಳು. ಮಗು ಬಂದು ಒಂದು ಗಳಿಗೆ ಒರಗಿ ನಿಂತಿತು. ಆಮೇಲೆ ಮೆಲ್ಲಗೆ ಬಿಡಿಸಿಕೊಂಡಿತು.

"ಅಮ್ಮಾ, ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರ್ಲಾ?"

ಬಹೀಜಾ ತಲೆಯೆತ್ತಿ ಹಾಜ್ಜಾಳ ಮುಖ ನೋಡಿದಳು. ಆ ಮುಖದಲ್ಲಿ ಗೆಲುವೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಕಾಯುವುದು ಮಾತ್ರ ಇತ್ತು.

"ಪಾಠ ಮತ್ತೆ ಯಾವಾಗ ಶುರು?" ಎಂದು ಕೇಳಿದಳು ಹಾಜ್ಜಾ.

ಹೇಳಬೇಕೋ ಬೇಡವೋ ಎಂದು ಬಹೀಜಾ ಯೋಚಿಸಿದಳು. ಮಗಳ ಜೇನಿನ ಗಲ್ಲವನ್ನು ತನ್ನ ತೋಳಿನಿಂದ ಒರೆಸಿದಳು.

"ಮುಂದಿನ ತಿಂಗಳು," ಎಂದಳು.